ಮುಳ್ಳನ್ನು ನಂಬಬೇಡಿ ಸಿಸ್ಟರ್: ವಾರ್ಡಿನಲ್ಲಿ ಸಿಲಿಂಡರ್ ಪಾಠ

ನಾನು ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಬಯೋಮೆಡಿಕಲ್ ಎಂಜಿನಿಯರ್. ಹೊಸದಾಗಿ ಸೇರಿದ ಸಿಸ್ಟರ್‌ಗಳಿಗೆ, ವಾರ್ಡ್ ಬಾಯ್‌ಗಳಿಗೆ ಆಕ್ಸಿಜನ್ ಸಿಲಿಂಡರ್ ಬಳಕೆ ಹೇಳಿಕೊಡುವುದೂ ನನ್ನದೇ ಕೆಲಸ. ಸ್ಲೈಡು ಗೀಡು ಏನಿಲ್ಲ. ಬಿ ಟೈಪ್ ಸಿಲಿಂಡರನ್ನೇ ಟ್ರಾಲಿ ಸಮೇತ ವಾರ್ಡಿಗೆ ತಳ್ಳಿಕೊಂಡು ಹೋಗುತ್ತೇನೆ. ಕಪ್ಪು ಮೈ, ಬಿಳಿ ಭುಜ ಇದ್ದರೆ ಮೆಡಿಕಲ್ ಆಕ್ಸಿಜನ್. ಅದು ಎಲ್ಲರಿಗೂ ಗೊತ್ತು, ಬೇಗ ಮುಗಿಯುತ್ತದೆ.

ಹೆಚ್ಚು ಹೊತ್ತು ಹಿಡಿಯುವುದು ಮುಳ್ಳಿನ, ಅಂದರೆ ಒತ್ತಡ ತೋರಿಸುವ ಮೀಟರಿನ ಮುಳ್ಳಿನ ಪಾಠ. ಮೊದಲೇ ಸಿಲಿಂಡರಿನ ವಾಲ್ವ್ ಕೀ ತೆರೆದು, ಮತ್ತೆ ಮುಚ್ಚಿಟ್ಟಿರುತ್ತೇನೆ. ರೆಗ್ಯುಲೇಟರ್ ಒಳಗೆ ಸಿಕ್ಕಿಕೊಂಡ ಗ್ಯಾಸಿನಿಂದ ಮುಳ್ಳು 120ರಲ್ಲೇ ನಿಂತಿರುತ್ತದೆ. "ಸಿಸ್ಟರ್, ಪೇಷಂಟಿಗೆ 5 ಲೀಟರ್ ಕೊಡಿ" ಅನ್ನುತ್ತೇನೆ. ಅವರು ಫ್ಲೋ ಮೀಟರ್ ತಿರುಗಿಸುತ್ತಾರೆ. ಅದರೊಳಗಿನ ಪುಟ್ಟ ಗುಂಡು ಮೇಲೇಳುತ್ತದೆ, ನೀರಿನ ಬಾಟಲಿಯಲ್ಲಿ ಗುಳ್ಳೆ ಬರುತ್ತದೆ. ಕೆಲವೇ ಕ್ಷಣ. ಗುಂಡು ಧೊಪ್ಪನೆ ಕೆಳಗೆ, ಮುಳ್ಳು ಸೊನ್ನೆಗೆ. ಎಲ್ಲರ ಮುಖವೂ ಸಣ್ಣದಾಗುತ್ತದೆ. ಲಿಫ್ಟಿನ ಒಳಗೆ ಹೀಗಾದರೆ ಏನು ಗತಿ, ಅಲ್ವಾ? ಅದಕ್ಕೇ ಕೀಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ ಪೂರ್ತಿ ತೆರೆದಿದೆಯೇ ಎಂದು ಕೈಯಿಂದಲೇ ನೋಡಬೇಕು. ಕೆಲಸ ಮುಗಿದ ಮೇಲೆ ಮೊದಲು ಕೀ ಮುಚ್ಚಿ, ಉಳಿದ ಗ್ಯಾಸ್ ಹೋಗಲು ಬಿಟ್ಟು, ಆಮೇಲೆ ಫ್ಲೋ ನಿಲ್ಲಿಸಬೇಕು.

ನಂತರ ಲೆಕ್ಕ. ಬಿ ಟೈಪಿನಲ್ಲಿ ಸುಮಾರು 10 ಲೀಟರ್ ನೀರು ಹಿಡಿಯುವಷ್ಟು ಜಾಗ. ಮುಳ್ಳು 60 ತೋರಿಸಿದರೆ ಅದನ್ನು 10ರಿಂದ ಗುಣಿಸಿ, ಹೆಚ್ಚುಕಡಿಮೆ 600 ಲೀಟರ್ ಗ್ಯಾಸ್. ನಿಮಿಷಕ್ಕೆ 6 ಲೀಟರಿನಂತೆ 100 ನಿಮಿಷ. "ನೀವು 70 ನಿಮಿಷ ಅಂತಲೇ ಇಟ್ಟುಕೊಳ್ಳಿ" ಅನ್ನುತ್ತೇನೆ. ದೊಡ್ಡಾಸ್ಪತ್ರೆಗೆ ಕಳಿಸುವಾಗ ದಾರಿಯಲ್ಲಿ ರೈಲ್ವೆ ಗೇಟ್ ಬಿದ್ದಿರಬಹುದಲ್ಲ!

ಸ್ಯಾನಿಟೈಸರ್ ಹಚ್ಚಿದ ಕೈ ಪೂರ್ತಿ ಒಣಗುವವರೆಗೆ ವಾಲ್ವ್ ಮುಟ್ಟುವಂತಿಲ್ಲ. ಎಣ್ಣೆ, ವ್ಯಾಸಲೀನ್ ಕೈಯಂತೂ ಬೇಡವೇ ಬೇಡ. ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಆದರೆ ಆ ಒತ್ತಡದಲ್ಲಿ ಜಿಡ್ಡಿಗೆ ಬೆಂಕಿ ಹತ್ತಬಹುದು. ಕೀ ಬಿಗಿಯಾಗಿದೆ ಎಂದು ಎಣ್ಣೆ ಬಿಡಲು ಹೊರಡುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರಿರುತ್ತಾರೆ. ಸೋರಿಕೆ ನೋಡಲು ಸೋಪಿನ ನೀರು, ಬೆಂಕಿಕಡ್ಡಿ ಅಲ್ಲ.

ಇನ್ನೂ ಪೂರ್ತಿ ಬಿಡಿಸಲು ಆಗದ ಚಾಳಿ ಒಂದಿದೆ. ಸ್ಟ್ರೆಚರಿನಲ್ಲಿ ಸಿಲಿಂಡರನ್ನು ಪೇಷಂಟಿನ ಕಾಲ ಮಧ್ಯೆ ಮಲಗಿಸುವುದು. ಅರ್ಜೆಂಟಿನಲ್ಲಿ ಟ್ರಾಲಿ ಸಿಗಲ್ಲ ಸರ್ ಅನ್ನುತ್ತಾರೆ. ಸುಳ್ಳಲ್ಲ. ಸ್ಟ್ರೆಚರಿಗೇ ಹೋಲ್ಡರ್ ಬೆಸೆಯಲು ವೆಲ್ಡಿಂಗ್‌ನವರಿಗೆ ಹೇಳಿದ್ದೇನೆ. ಒಂದಕ್ಕೆ ಆಗಿದೆ, ಉಳಿದವು ಬಾಕಿ.