ಫೋಟೊಗಳನ್ನು ವಿಡಿಯೊ ಮಾಡಿ ಡಿವಿಡಿಗೆ ಹಾಕುವುದು ಹೇಗೆ?

ಫೋಟೊ ಫೋಲ್ಡರನ್ನು ಹಾಗೇ ಡಿಸ್ಕ್‌ಗೆ ಕಾಪಿ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕಂಪ್ಯೂಟರಿನಲ್ಲಿ ನೋಡುವವರಿಗೆ ಸಾಕು. ಟಿವಿ ಪಕ್ಕದ ಡಿವಿಡಿ ಪ್ಲೇಯರ್ ಕಥೆ ಬೇರೆ. ಕೆಲವು ಪ್ಲೇಯರ್‌ಗಳು ಜೆಪೆಗ್ ಫೋಟೊ ತೋರಿಸುತ್ತವೆ, ಆದರೆ ದೊಡ್ಡ ಫೈಲ್ ಬಂದರೆ ತಿಣುಕುತ್ತವೆ. ಹಳೆಯ ಎಷ್ಟೋ ಪ್ಲೇಯರ್‌ಗಳಿಗೆ ಜೆಪೆಗ್ ಅಂದರೆ ಏನೆಂದೇ ಗೊತ್ತಿಲ್ಲ. ಅದೇ ಫೋಟೊಗಳನ್ನು ಸರಿಯಾದ ಡಿವಿಡಿ ವಿಡಿಯೊ ಮಾಡಿ ಕೊಟ್ಟರೆ ತಕರಾರು ಕಡಿಮೆ.

ಈ ಕೆಲಸದಲ್ಲಿ ‘ಕನ್ವರ್ಟ್’ ಒತ್ತುವುದು ಸಣ್ಣ ಭಾಗ. ಟಿವಿಯಲ್ಲಿ ಚೆನ್ನಾಗಿ ಕಾಣುತ್ತದೋ ಇಲ್ಲವೋ ಅನ್ನುವುದು ಫೋಟೊ ಸಿದ್ಧ ಮಾಡುವಾಗಲೇ ತೀರ್ಮಾನವಾಗಿರುತ್ತದೆ. ಹಾಗಾಗಿ ಅಲ್ಲಿ ಅವಸರ ಬೇಡ.

ಹೆಸರು, ದಿಕ್ಕು

ಬೇಕಾದ ಫೋಟೊಗಳನ್ನು ಬೇರೆ ಫೋಲ್ಡರಿಗೆ ಕಾಪಿ ಮಾಡಿಕೊಳ್ಳಿ. ಮೂಲ ಫೋಟೊಗಳನ್ನು ಮುಟ್ಟಬೇಡಿ. ಕಾಪಿಗಳಿಗೆ 001, 002, 003 ಎಂದು ಹೆಸರು ಕೊಡಿ. ಬರೀ 1, 2, 3 ಎಂದು ಕೊಟ್ಟರೆ ಕೆಲವು ತಂತ್ರಾಂಶಗಳು 1 ಆದಮೇಲೆ 10 ಅನ್ನು ತಂದು ನಿಲ್ಲಿಸುತ್ತವೆ.

ಉದ್ದುದ್ದ ಹಿಡಿದು ತೆಗೆದ ಫೋಟೊಗಳನ್ನು ಒಮ್ಮೆ ನೋಡಿ. ಕ್ಯಾಮೆರಾ ಅವನ್ನು ಅಡ್ಡಕ್ಕೇ ಉಳಿಸಿ, ‘ತಿರುಗಿಸಿ ತೋರಿಸು’ ಎಂಬ ಸೂಚನೆಯನ್ನಷ್ಟೇ ಫೈಲಿನಲ್ಲಿ ಬರೆದಿರುತ್ತದೆ. ಆ ಸೂಚನೆಯನ್ನು ಓದದ ತಂತ್ರಾಂಶಕ್ಕೆ ಕೊಟ್ಟರೆ ಜನ ಮಲಗಿಕೊಂಡು ಕಾಣುತ್ತಾರೆ. ಫೋಟೊ ಎಡಿಟರಿನಲ್ಲಿ ನಿಜವಾಗಿಯೇ ತಿರುಗಿಸಿ ಸೇವ್ ಮಾಡಿದರೆ ಸರಿಹೋಗುತ್ತದೆ.

ಅಳತೆಯ ಗುಟ್ಟು

ಪಾಲ್ (ಭಾರತದ ಟಿವಿ ಪದ್ಧತಿ) ಡಿವಿಡಿಯಲ್ಲಿ ಒಂದು ಚಿತ್ರ 720x576 ಪಿಕ್ಸೆಲ್, ಎನ್‌ಟಿಎಸ್‌ಸಿಯಲ್ಲಿ (ಅಮೆರಿಕದ ಪದ್ಧತಿ) 720x480. ಹಾಗಂತ ಫೋಟೊವನ್ನು ನೇರವಾಗಿ 720x576ಕ್ಕೆ ಕತ್ತರಿಸಿಬಿಟ್ಟರೆ ಮುಖಗಳು ಅಗಲವಾಗುತ್ತವೆ. ಕಾರಣ, ಡಿವಿಡಿಯ ಪಿಕ್ಸೆಲ್ ಚೌಕವಲ್ಲ. ಅದೇ 720 ಪಿಕ್ಸೆಲ್‌ಗಳನ್ನು ಟಿವಿ ಎಳೆದು 4:3 (ಹಳೆಯ ಟಿವಿ) ಅಥವಾ 16:9 (ಅಗಲ ಪರದೆ) ಆಕಾರಕ್ಕೆ ತರುತ್ತದೆ. ಆದ್ದರಿಂದ ಪಾಲ್ ಡಿಸ್ಕ್ ಮಾಡುವುದಾದರೆ ಫೋಟೊವನ್ನು 4:3ಕ್ಕೆ 768x576, ಅಗಲ ಪರದೆಗೆ 1024x576 ಅಳತೆಯಲ್ಲಿ ಇಟ್ಟುಕೊಳ್ಳಿ. ಅದನ್ನು 720ಕ್ಕೆ ಒತ್ತುವ ಕೆಲಸ ತಂತ್ರಾಂಶಕ್ಕೆ ಬಿಡಿ. ಫೋಟೊ ಮೇಲೆ ಜೂಮ್ ಮಾಡುವ ಆಸೆ ಇದ್ದರೆ ಇದರ ಎರಡು ಪಟ್ಟು ಅಳತೆ ಇರಲಿ, ಇಲ್ಲದಿದ್ದರೆ ಹತ್ತಿರ ಹೋದಂತೆ ಮಬ್ಬಾಗುತ್ತದೆ.

ಇನ್ನೊಂದು ಲೆಕ್ಕ. 4000x3000 ಪಿಕ್ಸೆಲ್‌ನ ಫೋಟೊವನ್ನು 16:9 ಪರದೆ ತುಂಬುವಂತೆ ಕತ್ತರಿಸಿದರೆ ಎತ್ತರ 3000ದಿಂದ 2250ಕ್ಕೆ ಇಳಿಯುತ್ತದೆ. ಅಂದರೆ ಕಾಲು ಭಾಗ ಹೋಯಿತು. ಗುಂಪು ಫೋಟೊದಲ್ಲಿ ಹಿಂದೆ ನಿಂತವರ ತಲೆ ಹೋಗುವುದು ಹೀಗೇ! ಅಂಥ ಕಡೆ ಎರಡೂ ಬದಿಗೆ ಕಪ್ಪು ಪಟ್ಟಿ ಬಿಡುವುದೇ ವಾಸಿ. ಪಟ್ಟಿಯ ಜಾಗದಲ್ಲಿ ಅದೇ ಫೋಟೊವನ್ನು ಮಬ್ಬು ಮಾಡಿ ತುಂಬಿಸುವ ಫ್ಯಾಷನ್ ಇದೆ. ನನಗಂತೂ ಕಪ್ಪೇ ಇಷ್ಟ.

ಹಳೆಯ ಟಿವಿಗಳು ಚಿತ್ರದ ಅಂಚನ್ನು ಸ್ವಲ್ಪ ನುಂಗುತ್ತವೆ. ಹೆಸರು, ತಾರೀಖು ಬರೆಯುವುದಿದ್ದರೆ ಪ್ರತಿ ಬದಿಯಲ್ಲೂ ಹತ್ತನೇ ಒಂದು ಭಾಗ ಬಿಟ್ಟು ಒಳಗೆ ಬರೆಯಿರಿ.

ಗೆರೆ ಗೆರೆ ಅಂಗಿ, ಕಿಟಕಿ ಕಂಬಿ, ಹೆಂಚಿನ ಸಾಲು ಟಿವಿಯಲ್ಲಿ ಮಿಣಮಿಣ ಅನ್ನುವುದನ್ನು ನೋಡಿರುತ್ತೀರಿ, ಅಲ್ವಾ? ಡಿವಿಡಿ ವಿಡಿಯೊ ಸಾಮಾನ್ಯವಾಗಿ ಇಂಟರ್‌ಲೇಸ್ ಆಗಿರುತ್ತದೆ. ಒಮ್ಮೆ ಬೆಸ ಸಾಲುಗಳು, ಮತ್ತೊಮ್ಮೆ ಸಮ ಸಾಲುಗಳು ಬರುತ್ತವೆ. ಒಂದೇ ಪಿಕ್ಸೆಲ್ ದಪ್ಪದ ಅಡ್ಡಗೆರೆ ಎರಡರಲ್ಲಿ ಒಂದು ಸಲ ಮಾತ್ರ ಕಾಣಿಸಿಕೊಂಡು ಮಿನುಗುತ್ತದೆ. ಪರಿಹಾರ ಸುಲಭ. ಚಿಕ್ಕದು ಮಾಡಿದ ಮೇಲೆ ಶಾರ್ಪನ್ ಮಾಡಲು ಹೋಗಬೇಡಿ. ಆಮೇಲೂ ಮಿನುಗಿದರೆ ಆ ಫೋಟೊಗೆ ಮಾತ್ರ ತುಸು ಬ್ಲರ್ ಕೊಡಿ. ಕಂಪ್ಯೂಟರಿನಲ್ಲಿ ಮಂಕಾಗಿ ಕಂಡದ್ದು ಟಿವಿಯಲ್ಲಿ ಸರಿಯಾಗಿಯೇ ಕಾಣುತ್ತದೆ.

ಫೋಟೊ ಓಡಲಿ

ಶಾಟ್‌ಕಟ್, ಕೆಡೆನ್‌ಲೈವ್, ಓಪನ್‌ಶಾಟ್ ಈ ಮೂರೂ ಉಚಿತ ವಿಡಿಯೊ ಎಡಿಟರ್‌ಗಳು. ಯಾವುದಾದರೂ ಆದೀತು. ಪ್ರಾಜೆಕ್ಟ್ ಶುರು ಮಾಡುವಾಗಲೇ ಡಿವಿಡಿ ಅಳತೆ ಆರಿಸಿ, ಆಮೇಲೆ ಫೋಟೊಗಳನ್ನು ಟೈಮ್‌ಲೈನ್‌ಗೆ ಎಳೆಯಿರಿ.

ಒಂದು ಫೋಟೊಗೆ 5ರಿಂದ 6 ಸೆಕೆಂಡ್ ಸಾಕು. ಪಾಲ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 6 ಸೆಕೆಂಡಿಗೆ ಅದೇ ಫೋಟೊ 150 ಸಲ. ಇಪ್ಪತ್ತು ಮುಖಗಳ ಗುಂಪು ಫೋಟೊಗೆ ಜಾಸ್ತಿ ಹೊತ್ತು ಕೊಡಿ, ಬರೀ ಗುಡ್ಡ ಮೋಡದ ಫೋಟೊಗೆ 4 ಸೆಕೆಂಡ್ ಆದರೂ ನಡೆಯುತ್ತದೆ.

ಹಾಡಿಗೆ ಹೊಂದಿಸುವಾಗ ಒಂದು ಕಡೆ ಲೆಕ್ಕ ತಪ್ಪುತ್ತದೆ. 4 ನಿಮಿಷದ ಹಾಡು, ಅಂದರೆ 240 ಸೆಕೆಂಡ್. ಆರಾರು ಸೆಕೆಂಡಿನಂತೆ 40 ಫೋಟೊ ಸರಿ ಅನ್ನಿಸುತ್ತದೆ. ಆದರೆ ಒಂದು ಫೋಟೊ ಕರಗಿ ಇನ್ನೊಂದು ಬರುವ ಡಿಸಾಲ್ವ್‌ಗೆ 1 ಸೆಕೆಂಡ್ ಕೊಟ್ಟರೆ ಅಕ್ಕಪಕ್ಕದ ಫೋಟೊಗಳು ಅಷ್ಟು ಹೊತ್ತು ಒಂದರ ಮೇಲೊಂದು ಬೀಳುತ್ತವೆ. 39 ಡಿಸಾಲ್ವ್‌ಗೆ 39 ಸೆಕೆಂಡ್ ಖೋತಾ. ಉಳಿಯುವುದು 201 ಸೆಕೆಂಡ್. ಹಾಡು ಮುಗಿಯುವ ತನಕ ಫೋಟೊ ಬೇಕೆಂದರೆ 48 ಜೋಡಿಸಬೇಕು.

ಪುಟ ಮಗುಚುವುದು, ನಕ್ಷತ್ರದೊಳಗಿಂದ ಫೋಟೊ ಬರುವುದು ಇಂಥವೆಲ್ಲ ತಂತ್ರಾಂಶದಲ್ಲಿ ಇವೆ ಅಂತ ಬಳಸಬೇಕಾಗಿಲ್ಲ. ಡಿಸಾಲ್ವ್ ಒಂದೇ ಸಾಕು.

ಎಲ್ಲ ಮುಗಿದ ಮೇಲೆ ಡಿವಿಡಿಗೆ ಬೇಕಾದ ಎಂಪೆಗ್-2 ಮಾದರಿಯ ವಿಡಿಯೊ ಆಗಿ ಎಕ್ಸ್‌ಪೋರ್ಟ್ ಮಾಡಿ. ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) 6ರಿಂದ 8 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 6ರಿಂದ 8 ಮೆಗಾಬಿಟ್ ಇರಲಿ. ಡಿವಿಡಿಯಲ್ಲಿ ವಿಡಿಯೊಗೆ ಮಿತಿ 9.8. ನಿಂತ ಫೋಟೊಗೆ ಇಷ್ಟೆಲ್ಲ ಬೇಡ, ನಿಜ. ಆದರೆ ಡಿಸಾಲ್ವ್ ಮತ್ತು ಜೂಮ್ ಆಗುವಾಗ ಪರದೆಯ ಪ್ರತಿ ಪಿಕ್ಸೆಲ್ ಬದಲಾಗುತ್ತದೆ. ಬಿಟ್‌ರೇಟ್ ಕಡಿಮೆ ಇದ್ದರೆ ಚಿತ್ರ ಚೌಕ ಚೌಕವಾಗಿ ಒಡೆಯುವುದು ಆಗಲೇ. 8 ಎಂಬಿಪಿಎಸ್‌ನಲ್ಲೂ 4.7 ಜಿಬಿ ಡಿಸ್ಕ್‌ನಲ್ಲಿ ಒಂದು ಗಂಟೆಗಿಂತ ಹೆಚ್ಚು ಹಿಡಿಸುತ್ತದೆ, ಜಿಪುಣತನ ಬೇಡ. ಧ್ವನಿ 48 ಕಿಲೋಹರ್ಟ್ಸ್ ಇರಬೇಕು.

ಖಾಲಿ ಸಿಡಿ ಮಾತ್ರ ಇದ್ದರೆ ವಿಸಿಡಿ (ಸಿಡಿಯಲ್ಲೇ ವಿಡಿಯೊ) ಮಾಡಬಹುದು: ಎಂಪೆಗ್-1, 352x288 ಪಿಕ್ಸೆಲ್. ಫೋಟೊ ಮಸುಕಾಗುತ್ತದೆ, ಅದಕ್ಕೆ ತಯಾರಿರಿ.

ಡಿಸ್ಕ್‌ಗೆ

ಎಂಪೆಗ್ ಫೈಲನ್ನು ಸುಮ್ನೆ ಡಿಸ್ಕ್‌ಗೆ ಕಾಪಿ ಮಾಡಿದರೆ ಡಿವಿಡಿ ವಿಡಿಯೊ ಆಗುವುದಿಲ್ಲ. ಪ್ಲೇಯರ್ ಹುಡುಕುವುದು ‘ವಿಡಿಯೊ ಟಿಎಸ್’ (VIDEO_TS) ಎಂಬ ಫೋಲ್ಡರನ್ನು. ಅದನ್ನು ಕಟ್ಟಿಕೊಡಲು ಡಿವಿಡಿ ಸ್ಟೈಲರ್ ಎಂಬ ಉಚಿತ ತಂತ್ರಾಂಶವಿದೆ. ಫೈಲನ್ನು ಅದಕ್ಕೆ ಎಳೆದು ಹಾಕಿ, ಮೆನು ಬೇಕಿದ್ದರೆ ಮಾಡಿ. ವಿಡಿಯೊ ಆಗಲೇ ಡಿವಿಡಿ ಅಳತೆಯಲ್ಲಿರುವುದರಿಂದ ಅದರ ಗುಣಲಕ್ಷಣಗಳಲ್ಲಿ ‘ಕಾಪಿ’ ಆರಿಸಿ. ಇಲ್ಲದಿದ್ದರೆ ಮತ್ತೊಮ್ಮೆ ಕನ್ವರ್ಟ್ ಆಗಿ ಗುಣಮಟ್ಟ ಇಳಿಯುತ್ತದೆ. ಬೇರೆ ಬೇರೆ ಸಮಾರಂಭದ ಫೋಟೊಗಳಿದ್ದರೆ ಪ್ರತಿಯೊಂದಕ್ಕೂ ಒಂದು ಚಾಪ್ಟರ್ ಇಡಿ, ರಿಮೋಟ್‌ನಲ್ಲಿ ಮುಂದಿನದಕ್ಕೆ ಹಾರಬಹುದು.

ಮೊದಲು ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್‌ಗೆ ಬರ್ನ್ ಮಾಡಿ ಟಿವಿಯಲ್ಲಿ ಪೂರ್ತಿ ನೋಡಿ. ಸರಿ ಅನ್ನಿಸಿದ ಮೇಲೆ ಡಿವಿಡಿ-ಆರ್‌ಗೆ ಬರ್ನ್ ಮಾಡಿ. ವೇಗ ಕಡಿಮೆ ಇರಲಿ, ಬರೆದದ್ದನ್ನು ಮುಚ್ಚಿ ಪ್ಲೇಯರ್ ಓದುವಂತೆ ಮಾಡುವ ಫೈನಲೈಸ್ ಆಯ್ಕೆ ಆನ್ ಇರಲಿ. ಹೆಸರು ಬರೆಯಲು ಮೃದು ತುದಿಯ ಮಾರ್ಕರ್ ಬಳಸಿ, ಬಾಲ್‌ಪೆನ್ ಬೇಡ. ಕಾಗದದ ಸ್ಟಿಕ್ಕರ್ ಅಂತೂ ಅಂಟಿಸಲೇಬೇಡಿ, ಅಂಚು ಎದ್ದರೆ ಪ್ಲೇಯರ್ ಒಳಗೆ ಸಿಕ್ಕಿಕೊಳ್ಳುತ್ತದೆ.

ಡಿಸ್ಕ್‌ನಲ್ಲಿ ಜಾಗ ಉಳಿದಿದ್ದರೆ ಬರ್ನ್ ಮಾಡುವ ಮೊದಲೇ ಪಕ್ಕದಲ್ಲಿ ಇನ್ನೊಂದು ಫೋಲ್ಡರ್ ಮಾಡಿ ಮೂಲ ಫೋಟೊಗಳನ್ನು ಸೇರಿಸಿ. ಪ್ಲೇಯರ್ ಅದರ ತಂಟೆಗೆ ಹೋಗುವುದಿಲ್ಲ. ಪ್ರಿಂಟ್ ಹಾಕಿಸಬೇಕು ಅಂದವರು ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ಪೂರ್ತಿ ಅಳತೆಯ ಫೋಟೊ ತೆಗೆದುಕೊಳ್ಳಬಹುದು.