ಆಂಟಿಬಯಾಟಿಕ್ ನಿಲ್ಲಿಸಲು ಕಲಿಸುವ ಒಂದು ವರ್ಷ: ಅಮೆರಿಕದ ಸೋಂಕುರೋಗ ಫಾರ್ಮಸಿ ರೆಸಿಡೆನ್ಸಿ ಸೇರುವುದು ಹೇಗೆ?

ರಕ್ತದ ಕಲ್ಚರ್ ಬಾಟಲಿಯಲ್ಲಿ ಏನೋ ಬೆಳೆದಿದೆ ಎಂದು ಲ್ಯಾಬ್‌ನಿಂದ ಫೋನ್ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ದ್ರಾಕ್ಷಿ ಗೊಂಚಲಿನಂತೆ ಗುಂಪುಗೂಡಿದ ದುಂಡು ಬ್ಯಾಕ್ಟೀರಿಯಾ. ರೋಗಿಗೆ ಆಗಲೇ ವ್ಯಾಂಕೊಮೈಸಿನ್ ಎಂಬ ಆಂಟಿಬಯಾಟಿಕ್ ಹನಿಯುತ್ತಿದೆ. ಕೆಲವು ಗಂಟೆಗಳಲ್ಲಿ ಜೀನ್ ಪರೀಕ್ಷೆಯ ಉತ್ತರವೂ ಬರುತ್ತದೆ: ಸ್ಟ್ಯಾಫಿಲೊಕಾಕಸ್ ಆರಿಯಸ್, ಆದರೆ ಮೆಥಿಸಿಲಿನ್ (ಪೆನಿಸಿಲಿನ್ ಜಾತಿಯ ಒಂದು ಮದ್ದು) ಪ್ರತಿರೋಧದ ಜೀನ್ ಇಲ್ಲ. ಹಾಗಿದ್ದರೆ ಇದಕ್ಕೆ ವ್ಯಾಂಕೊಮೈಸಿನ್‌ಗಿಂತ ಸೆಫಜೋಲಿನ್ ಒಳ್ಳೆಯ ಮದ್ದು. ತೊಡಕು ಒಂದೇ, ಸೆಫಜೋಲಿನ್ ಪೆನಿಸಿಲಿನ್‌ನ ಬಂಧು, ಕೇಸ್ ಶೀಟಿನಲ್ಲಿ ‘ಪೆನಿಸಿಲಿನ್ ಅಲರ್ಜಿ’ ಎಂದು ಬರೆದಿದೆ.

ಫಾರ್ಮಸಿಸ್ಟ್ ವಾರ್ಡಿಗೆ ಹೋಗಿ ಹಾಸಿಗೆಯ ಪಕ್ಕ ಕೂತು ಕೇಳುತ್ತಾರೆ. ಯಾವಾಗ ಆಗಿದ್ದು? ಉಸಿರು ಕಟ್ಟಿತ್ತೇ? ತುಟಿ ಊದಿತ್ತೇ? ಚಿಕ್ಕಂದಿನಲ್ಲಿ ಮೈಮೇಲೆ ಸಣ್ಣ ದದ್ದು ಎದ್ದಿತ್ತಂತೆ, ಅಮ್ಮ ಹೇಳಿದ್ದು, ಅಷ್ಟೇ. ಅಮೆರಿಕದಲ್ಲಿ ಸುಮಾರು 10% ರೋಗಿಗಳು ತಮಗೆ ಪೆನಿಸಿಲಿನ್ ಆಗುವುದಿಲ್ಲ ಎನ್ನುತ್ತಾರೆ; ಪರೀಕ್ಷೆ ಮಾಡಿದರೆ ಅವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಅಲರ್ಜಿಯೇ ಇರುವುದಿಲ್ಲ. ಮೇಲಾಗಿ ಒಂದರ ಅಲರ್ಜಿ ಇನ್ನೊಂದಕ್ಕೂ ಆಗುವುದು ಹೆಚ್ಚಾಗಿ ಅಣುವಿನ ಪಾರ್ಶ್ವ ಸರಪಳಿಯ ಹೋಲಿಕೆಯಿಂದ, ಸೆಫಜೋಲಿನ್‌ನ ಪಾರ್ಶ್ವ ಸರಪಳಿ ಪೆನಿಸಿಲಿನ್‌ಗಳದ್ದನ್ನು ಹೋಲುವುದೇ ಇಲ್ಲ. ಫಾರ್ಮಸಿಸ್ಟ್ ವೈದ್ಯರಿಗೆ ಫೋನ್ ಮಾಡುತ್ತಾರೆ, ಕಾರಣ ಹೇಳುತ್ತಾರೆ, ಔಷಧ ಬದಲಾಗುತ್ತದೆ.

ಈ ಒಂದು ಫೋನ್ ಕರೆಯನ್ನು ಧೈರ್ಯವಾಗಿ, ಸರಿಯಾಗಿ ಮಾಡುವುದಕ್ಕೆ ಬೇಕಾದ ತರಬೇತಿಯೇ ಸೋಂಕುರೋಗಗಳ ಪಿಜಿವೈ-2 ರೆಸಿಡೆನ್ಸಿ, ಅಂದರೆ ಪದವಿಯ ನಂತರದ ಎರಡನೇ ವರ್ಷದ ಆಸ್ಪತ್ರೆ ತರಬೇತಿ. ಅಮೆರಿಕದ ಆಸ್ಪತ್ರೆಗಳಿಗೆ ಇಂಥವರು ಬೇಕೇ ಬೇಕು. ಆಂಟಿಬಯಾಟಿಕ್‌ಗಳ ವಿವೇಕದ ಬಳಕೆಗೆ ಒಂದು ವ್ಯವಸ್ಥೆ ಇರಲೇಬೇಕೆಂದು ಜಾಯಿಂಟ್ ಕಮಿಷನ್ 2017ರ ಜನವರಿಯಿಂದ ತನ್ನ ಮಾನ್ಯತೆಯ ಆಸ್ಪತ್ರೆಗಳಿಗೆ ನಿಯಮ ಮಾಡಿತು. ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆ ಮೆಡಿಕೇರ್‌ನ ಹಣ ಪಡೆಯುವ ಆಸ್ಪತ್ರೆಗಳಿಗೆ 2020ರಿಂದ ಅದೇ ಷರತ್ತು ಬಂತು.

ಮೊದಲು ಬುನಾದಿ

ಮಾನ್ಯತೆ ಪಡೆದ ಕಾಲೇಜಿನ ಫಾರ್ಮ್.ಡಿ ಪದವಿ, ಆಮೇಲೆ ನ್ಯಾಪ್ಲೆಕ್ಸ್ ಪರೀಕ್ಷೆ ಮತ್ತು ರಾಜ್ಯದ ಲೈಸೆನ್ಸ್. ಹೊರದೇಶದಲ್ಲಿ ಓದಿದವರಿಗೆ ಎಫ್‌ಪಿಜಿಇಸಿ ಪ್ರಮಾಣಪತ್ರ ಬೇಕು. 2003ರ ಜನವರಿ 1ರ ನಂತರ ಪದವಿ ಪಡೆದಿದ್ದರೆ ಕನಿಷ್ಠ 5 ವರ್ಷದ ಕೋರ್ಸ್ ಮಾಡಿರಬೇಕು. ನಾಲ್ಕು ವರ್ಷದ ಬಿ.ಫಾರ್ಮ್ ಇಲ್ಲಿಗೆ ಸಾಲದು. ಇದನ್ನು ತಿಳಿಯದೆ ವರ್ಷಗಟ್ಟಲೆ ಸಿದ್ಧತೆ ಮಾಡಿ ಬಾಗಿಲಲ್ಲೇ ನಿಲ್ಲುವುದು ಯಾರಿಗೂ ಬೇಡ. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ.

ಮುಂದಿನದು 12 ತಿಂಗಳ ಪಿಜಿವೈ-1. ಇದು ಸಾಮಾನ್ಯ ಆಸ್ಪತ್ರೆ ತರಬೇತಿ: ಐಸಿಯು, ಜನರಲ್ ಮೆಡಿಸಿನ್, ಡಿಸ್ಪೆನ್ಸಿಂಗ್, ವಾರಾಂತ್ಯದ ಪಾಳಿ. ಸಂಬಳ ಬರುತ್ತದೆ, ಆದರೆ ಕಾಯಂ ಫಾರ್ಮಸಿಸ್ಟ್‌ಗೆ ಬರುವುದಕ್ಕಿಂತ ಬಹಳ ಕಡಿಮೆ. ಇದನ್ನು ಮುಗಿಸದೆ ಪಿಜಿವೈ-2 ಇಲ್ಲ.

ಕ್ಯಾಲೆಂಡರ್‌ನಲ್ಲೇ ಇದೆ ಗುಟ್ಟು

ಹೆಚ್ಚಿನವರು ಎಡವುವುದು ಇಲ್ಲಿ. ಪಿಜಿವೈ-1 ಶುರುವಾಗುವುದು ಜುಲೈ ಹೊತ್ತಿಗೆ. ಪಿಜಿವೈ-2 ಅರ್ಜಿ ಹಾಕುವುದು ಅದೇ ಚಳಿಗಾಲದಲ್ಲಿ. ನಡುವೆ ಸಿಗುವುದು ಬರೀ ಐದಾರು ತಿಂಗಳು. ಸೋಂಕುರೋಗದ ರೊಟೇಶನ್ (ಆ ವಿಭಾಗದಲ್ಲಿ ಕೆಲಸ ಕಲಿಯುವ ಸರದಿ) ಮಾರ್ಚ್‌ಗೆ ಬಿದ್ದರೆ, ಅರ್ಜಿಯ ಹೊತ್ತಿಗೆ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡು ಶಿಫಾರಸು ಪತ್ರ ಬರೆಯುವ ಸೋಂಕುರೋಗ ತಜ್ಞರು ಯಾರೂ ಇರುವುದಿಲ್ಲ. ಹಾಗಾಗಿ ಮೊದಲ ವಾರದಲ್ಲೇ ನಿರ್ದೇಶಕರ ಬಳಿ ಹೋಗಿ, ಆ ರೊಟೇಶನ್ ಅನ್ನು ಸೆಪ್ಟೆಂಬರ್–ಅಕ್ಟೋಬರ್ ಒಳಗೆ ಕೊಡಿ ಎಂದು ಕೇಳಿ. ಸಂಕೋಚ ಬೇಡ.

ನೀವಿರುವ ಆಸ್ಪತ್ರೆಯಲ್ಲೇ ಈ ಪಿಜಿವೈ-2 ಇದ್ದರೆ ‘ಅರ್ಲಿ ಕಮಿಟ್‌ಮೆಂಟ್’ ಎಂಬ ದಾರಿಯೂ ಇದೆ. ಮ್ಯಾಚ್‌ಗೆ (ಅಭ್ಯರ್ಥಿಗಳ ಮತ್ತು ಆಸ್ಪತ್ರೆಗಳ ಆಯ್ಕೆ ಪಟ್ಟಿಗಳನ್ನು ಹೊಂದಿಸುವ ವ್ಯವಸ್ಥೆ) ಹೋಗದೆ ಅಲ್ಲೇ ಮುಂದುವರಿಯುವ ಒಪ್ಪಂದ ಅದು. ಊರು ಬದಲಿಸುವ ರಗಳೆ ಇಲ್ಲ, ಸಂದರ್ಶನದ ಓಡಾಟವಿಲ್ಲ. ಆದರೂ ಅವಸರದಲ್ಲಿ ಸಹಿ ಹಾಕಬೇಡಿ. ಅದೇ ಗುರುಗಳು, ಅದೇ ವಾರ್ಡುಗಳು ಇನ್ನೊಂದು ವರ್ಷಕ್ಕೆ ಸಾಕೇ ಎಂದು ಕೇಳಿಕೊಳ್ಳಿ. ಅಂಗಾಂಗ ಕಸಿಯ ರೋಗಿಗಳನ್ನು ನೋಡುವ ಆಸೆಯಿದ್ದು, ಅಲ್ಲಿ ಕಸಿಯೇ ನಡೆಯುವುದಿಲ್ಲವಾದರೆ ಬೇರೆ ಕಡೆ ನೋಡುವುದೇ ಸರಿ.

ಹೊರಗೆ ಹೋಗುವವರಿಗೆ ಡಿಸೆಂಬರ್‌ನಲ್ಲಿ ಎಎಸ್‌ಎಚ್‌ಪಿ ಸಂಸ್ಥೆಯ ‘ಮಿಡ್‌ಇಯರ್’ ಸಮ್ಮೇಳನವಿದೆ. ರೆಸಿಡೆನ್ಸಿಗಳಿಗೆ ಮಾನ್ಯತೆ ಕೊಡುವುದೂ ಇದೇ ಸಂಸ್ಥೆ. ಅಲ್ಲಿನ ಮಳಿಗೆಗಳಲ್ಲಿ ನಿರ್ದೇಶಕರನ್ನೂ ಈಗಿನ ರೆಸಿಡೆಂಟ್‌ಗಳನ್ನೂ ನೇರವಾಗಿ ಮಾತನಾಡಿಸಬಹುದು. ರೆಸಿಡೆಂಟ್‌ಗಳನ್ನೇ ಹೆಚ್ಚು ಕೇಳಿ: ರೌಂಡ್ಸ್‌ನಲ್ಲಿ ನಿಮ್ಮ ಮಾತಿಗೆ ಬೆಲೆ ಇದೆಯೇ? ಮೈಕ್ರೊಬಯಾಲಜಿ ಲ್ಯಾಬ್‌ನಲ್ಲಿ ಎಷ್ಟು ವಾರ? ಎಚ್‌ಐವಿ ಕ್ಲಿನಿಕ್ ಇದೆಯೇ? ಆಸ್ಪತ್ರೆಯ ಹೆಸರಿಗಿಂತ ಈ ಉತ್ತರಗಳೇ ಮುಖ್ಯ ಎಂದು ನಾನು ನಂಬುತ್ತೇನೆ.

ಅರ್ಜಿ ಹಾಕುವುದು ‘ಫೋರ್ಕಾಸ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ. ಬಯೋಡೇಟಾ, ಅಂಕಪಟ್ಟಿ, ಶಿಫಾರಸು ಪತ್ರ ಎಲ್ಲರಿಗೂ ಗೊತ್ತಿರುವುದೇ. ಲೆಟರ್ ಆಫ್ ಇಂಟೆಂಟ್ (ಏಕೆ ಸೇರಬೇಕೆಂದು ನೀವೇ ಬರೆಯುವ ಪತ್ರ) ಬಗ್ಗೆ ಮಾತ್ರ ಒಂದು ಮಾತು. ‘ಆಂಟಿಬಯಾಟಿಕ್ ಪ್ರತಿರೋಧ ಜಗತ್ತಿಗೇ ಅಪಾಯ’ ಎಂದು ಶುರು ಮಾಡಬೇಡಿ, ಓದುವವರಿಗೆ ಅದು ನಿಮಗಿಂತ ಚೆನ್ನಾಗಿ ಗೊತ್ತು. ಒಬ್ಬ ರೋಗಿಯ ವಿಷಯ ಬರೆಯಿರಿ. ನೀವು ಏನು ಗಮನಿಸಿದಿರಿ, ಯಾರಿಗೆ ಏನು ಹೇಳಿದಿರಿ, ಎಲ್ಲಿ ತಪ್ಪಿದಿರಿ.

ಸಂದರ್ಶನದಲ್ಲಿ ಸಾಮಾನ್ಯವಾಗಿ ಒಂದು ಪ್ರೆಸೆಂಟೇಶನ್, ಒಂದು ರೋಗಿಯ ಕೇಸ್ ಇರುತ್ತದೆ. ವ್ಯಾಂಕೊಮೈಸಿನ್ ಬಂದರೆ ಅಚ್ಚರಿಯಿಲ್ಲ. ಗಂಭೀರ ಎಂಆರ್‌ಎಸ್‌ಎ (ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್ ಆರಿಯಸ್) ಸೋಂಕಿಗೆ ಟ್ರಫ್ ಮಟ್ಟವನ್ನು, ಅಂದರೆ ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ರಕ್ತದಲ್ಲಿರುವ ಔಷಧದ ಮಟ್ಟವನ್ನು, 15–20ರಲ್ಲಿ ಇಡುವ ಹಳೆಯ ಪದ್ಧತಿಯನ್ನು 2020ರ ಮಾರ್ಗಸೂಚಿ ಕೈಬಿಟ್ಟಿತು. ಈಗ ನೋಡುವುದು ದಿನದ ಎಯುಸಿ (ದಿನವಿಡೀ ರಕ್ತದಲ್ಲಿರುವ ಔಷಧದ ಒಟ್ಟು ಅಳತೆ), ಗುರಿ 400ರಿಂದ 600. ಸಂಖ್ಯೆ ಬಾಯಿಪಾಠ ಮಾಡಿದರೆ ಸಾಲದು. ಟ್ರಫ್ ಏರಿಸುತ್ತಾ ಹೋದಾಗ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿತ್ತು, ಅದಕ್ಕೇ ಬದಲಾಯಿತು ಎಂದು ವಿವರಿಸಲು ಬರಬೇಕು. ಉತ್ತರ ಗೊತ್ತಿಲ್ಲದಿದ್ದರೆ ಹಾಗೆಂದು ಹೇಳಿ, ಎಲ್ಲಿ ಹುಡುಕುತ್ತೀರಿ ಎಂಬುದನ್ನೂ ಹೇಳಿ.

ಕೊನೆಗೆ ರ‍್ಯಾಂಕ್ ಪಟ್ಟಿ. ನಿಮಗೆ ನಿಜವಾಗಿ ಇಷ್ಟವಾದ ಕ್ರಮದಲ್ಲೇ ಬರೆಯಿರಿ. ‘ಅವರು ನನ್ನನ್ನು ತೆಗೆದುಕೊಳ್ಳಲಿಕ್ಕಿಲ್ಲ’ ಎಂದು ಮೊದಲ ಆಯ್ಕೆಯನ್ನು ಕೆಳಗೆ ತಳ್ಳಿದರೆ ನಷ್ಟ ನಿಮಗೇ, ಏಕೆಂದರೆ ಮ್ಯಾಚ್‌ನ ಲೆಕ್ಕಾಚಾರ ಅಭ್ಯರ್ಥಿಯ ಆಯ್ಕೆಯಿಂದಲೇ ಶುರುವಾಗುತ್ತದೆ. ಹೋಗಲು ಮನಸ್ಸಿಲ್ಲದ ಕಡೆಯನ್ನು ಪಟ್ಟಿಗೆ ಸೇರಿಸಲೇಬೇಡಿ, ಫಲಿತಾಂಶಕ್ಕೆ ಬದ್ಧರಾಗಲೇಬೇಕು. ಅದು ಬರುವುದು ಮಾರ್ಚ್‌ನಲ್ಲಿ. ಸಿಗದಿದ್ದರೆ ಎರಡನೇ ಸುತ್ತು ಇದೆ.

ಆ ಹನ್ನೆರಡು ತಿಂಗಳು

ಬೆಳಿಗ್ಗೆ ಪಟ್ಟಿ ತೆರೆಯುತ್ತೀರಿ: ಯಾರ ಕಲ್ಚರ್‌ನಲ್ಲಿ ಏನು ಬೆಳೆದಿದೆ, ಯಾರು ಮೂರು ದಿನದಿಂದ ಮೆರೊಪೆನೆಮ್ ಎಂಬ ಪ್ರಬಲ ಆಂಟಿಬಯಾಟಿಕ್ ಮೇಲಿದ್ದಾರೆ, ಯಾರಿಗೆ ಸಲೈನ್ ಬಿಟ್ಟು ಮಾತ್ರೆ ಸಾಕು. ಲೈನೆಜೋಲಿಡ್, ಲಿವೊಫ್ಲಾಕ್ಸಸಿನ್ ಬಾಯಿಂದ ಕೊಟ್ಟರೂ ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತವೆ. ಊಟ ಮಾಡುತ್ತಿರುವ ರೋಗಿಗೆ ಸೂಜಿ ಏಕೆ? ಮಧ್ಯಾಹ್ನ ಸೋಂಕುರೋಗ ತಂಡದೊಂದಿಗೆ ರೌಂಡ್ಸ್. ಜೊತೆಗೆ ವರ್ಷವಿಡೀ ಒಂದು ಸಂಶೋಧನೆ, ವಿದ್ಯಾರ್ಥಿಗಳಿಗೆ ಪಾಠ, ಸಮಿತಿಗಳಿಗೆ ಔಷಧ ಬಳಕೆಯ ವರದಿ.

ಮೊದಲ ತಿಂಗಳುಗಳಲ್ಲಿ ಸಲಹೆಗಳನ್ನು ವೈದ್ಯರು ತಿರಸ್ಕರಿಸುತ್ತಾರೆ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಶುರು ಮಾಡಿದ ಮದ್ದನ್ನು ನಿಲ್ಲಿಸಲು ಯಾರಿಗಾದರೂ ಭಯವೇ. ‘ಇವತ್ತು ನಿಲ್ಲಿಸೋಣ, ನಾಳೆ ಬೆಳಿಗ್ಗೆ ನಾನೇ ಬಂದು ನೋಡುತ್ತೇನೆ’ ಎಂದು ಹೇಳಿ ನಿಜವಾಗಿ ಮರುದಿನ ಬರುವ ಫಾರ್ಮಸಿಸ್ಟ್‌ನ ಮಾತು ನಿಧಾನಕ್ಕೆ ನಡೆಯುತ್ತದೆ.

ರೆಸಿಡೆನ್ಸಿ ಮುಗಿಸಿದವರು 2019ರಲ್ಲಿ ಶುರುವಾದ ಬಿಸಿಐಡಿಪಿ ಎಂಬ, ಸೋಂಕುರೋಗ ಫಾರ್ಮಸಿಸ್ಟ್‌ಗಳಿಗೆ ತಜ್ಞರೆಂಬ ಮಾನ್ಯತೆ ಕೊಡುವ ಮಂಡಳಿ ಪರೀಕ್ಷೆ ಬರೆಯಬಹುದು. ಪಿಜಿವೈ-2 ಸೀಟು ಸಿಗದವರಿಗೂ ಈ ಪರೀಕ್ಷೆಯ ದಾರಿ ಮುಚ್ಚಿಲ್ಲ: ಪಿಜಿವೈ-1 ಜೊತೆಗೆ ಈ ಕ್ಷೇತ್ರದಲ್ಲಿ 2 ವರ್ಷದ ಅನುಭವ, ಅಥವಾ ರೆಸಿಡೆನ್ಸಿಯೇ ಇಲ್ಲದೆ 4 ವರ್ಷದ ಅನುಭವ ಇದ್ದರೂ ಅರ್ಜಿ ಹಾಕಬಹುದು.