ಮಡಿಕೇರಿಯಿಂದ ವೈಟ್‌ಫೀಲ್ಡ್‌ಗೆ: ಕಾರ್ಡ್ ಎಲ್ಲಿ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ?

ರೈಲು ಹಳಿಯೇ ಇಲ್ಲದ ಜಿಲ್ಲೆ ನಮ್ಮದು. ಬೆಳಗೊಳದಿಂದ ಕುಶಾಲನಗರಕ್ಕೆ 87 ಕಿ.ಮೀ. ಮಾರ್ಗದ ಮಾತನ್ನು ವರ್ಷಗಳಿಂದ ಕೇಳುತ್ತಲೇ ಇದ್ದೇವೆ. ಆದರೂ ಮಗಳೋ ಮೊಮ್ಮಗನೋ ಬೆಂಗಳೂರಿನಲ್ಲಿರುವ ಮನೆಗಳು ವಿರಾಜಪೇಟೆಯಿಂದ ಸೋಮವಾರಪೇಟೆವರೆಗೂ ಇವೆ. ಮೈಸೂರಿನವರೆಗೆ ಬಸ್, ಅಲ್ಲಿಂದ ರೈಲು, ಕೊನೆಗೆ ಮೆಟ್ರೊ. ಇಷ್ಟಕ್ಕೂ ಒಂದೇ ಕಾರ್ಡ್ ಸಾಕೇ? ಸಾಲದು. ಎಷ್ಟು ಸಾಧ್ಯವೋ ಅಷ್ಟನ್ನು ಹೀಗೆ ಮಾಡಿಕೊಳ್ಳಿ.

ಮೊದಲು ಬಸ್. ಇದರಲ್ಲಿ ಹೇಳುವಂಥದ್ದೇನಿಲ್ಲ. ಸಾಮಾನ್ಯ ಬಸ್ಸಾದರೆ ಮಹಿಳೆಯರಿಗೆ ಶಕ್ತಿ ಯೋಜನೆ ಇದೆ, ಆಧಾರ್ ಜೊತೆಗಿರಲಿ.

ಎಡವುವುದು ಎರಡನೇ ಹಂತದಲ್ಲಿ. ಮೈಸೂರು–ಬೆಂಗಳೂರು ರೈಲಿನ ಸಾಮಾನ್ಯ ಟಿಕೆಟನ್ನು ರೈಲ್ವೆಯ ರೈಲ್‌ಒನ್ ಆ್ಯಪ್‌ನಲ್ಲಿ ಪಡೆಯಬಹುದು. 200 ಕಿ.ಮೀ. ಒಳಗಿನ ಇಂಥ ಟಿಕೆಟ್ ಪಡೆದ ಮೇಲೆ ಸಾಮಾನ್ಯವಾಗಿ 3 ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ಮಡಿಕೇರಿಯಲ್ಲಿ ಬಸ್ ಹತ್ತುತ್ತಲೇ ಟಿಕೆಟ್ ಮಾಡಿದರೆ ಮೈಸೂರು ತಲುಪುವಷ್ಟರಲ್ಲಿ ಆ ಹೊತ್ತು ಮುಗಿಯುತ್ತ ಬಂದಿರುತ್ತದೆ. ಹುಣಸೂರು ದಾಟಿದ ಮೇಲೆ ಮಾಡಿ. ಘಟ್ಟದ ಮಳೆಗೆ ಕೈಕೊಟ್ಟ ನೆಟ್‌ವರ್ಕೂ ಅಷ್ಟರಲ್ಲಿ ಬಂದಿರುತ್ತದೆ. ಫೋನಿನ ಚಾರ್ಜ್ ನೋಡಿಕೊಳ್ಳಿ. ಪರದೆಯಲ್ಲಿ ತೋರಿಸಲಾಗದ ಟಿಕೆಟ್ ಇಲ್ಲದ ಟಿಕೆಟ್‌ಗೆ ಸಮ.

ಇನ್ನು ಮೆಟ್ರೊ. ಇಲ್ಲಿಗೆ ಬೇಕಾದದ್ದು ರುಪೇ ಎನ್‌ಸಿಎಂಸಿ, ಅಂದರೆ ದೇಶಕ್ಕೆಲ್ಲ ಒಂದೇ ಎಂಬ ಲೆಕ್ಕದ ಪ್ರಯಾಣ ಕಾರ್ಡ್. 2019ರಲ್ಲಿ ಬಂದ ಈ ಕಾರ್ಡ್ ಬೇರೆ ಊರುಗಳ ಹಲವು ಮೆಟ್ರೊಗಳಲ್ಲೂ ನಡೆಯುತ್ತದೆ. ನಮ್ಮ ಮೆಟ್ರೊದ ಸ್ವಂತ ಸ್ಮಾರ್ಟ್‌ಕಾರ್ಡ್ ಇದ್ದರೆ ಅದೂ ಆದೀತು, ಆದರೆ 2025ರ ಫೆಬ್ರುವರಿಯ ದರ ಪರಿಷ್ಕರಣೆಯ ನಂತರ ಅದರಲ್ಲಿ ಕನಿಷ್ಠ 90 ರೂಪಾಯಿ ಇರಬೇಕು. ಎನ್‌ಸಿಎಂಸಿಯಲ್ಲಿ ಪ್ರಯಾಣದ ಹಣ ಕಾರ್ಡಿನ ಚಿಪ್‌ನೊಳಗೇ ಇರುತ್ತದೆ, ಗರಿಷ್ಠ 2,000 ರೂಪಾಯಿ. ಬ್ಯಾಂಕ್ ಖಾತೆಯಲ್ಲಿ ಲಕ್ಷವಿದ್ದರೂ ಚಿಪ್ ಖಾಲಿಯಾದರೆ ಗೇಟ್ ತೆರೆಯದು. ಕಾರ್ಡ್ ಕಳೆದುಹೋದರೆ ಚಿಪ್‌ನಲ್ಲಿದ್ದ ಹಣವೂ ಹೋದಂತೆಯೇ, ಹೆಚ್ಚು ತುಂಬಿಸಬೇಡಿ.

ಎಲ್ಲಿ ಇಳಿಯಬೇಕು? ನಾಯಂಡಹಳ್ಳಿಯಲ್ಲಿ ರೈಲು, ಮೆಟ್ರೊ ಅಕ್ಕಪಕ್ಕ, ಆದರೆ ಎಲ್ಲ ರೈಲೂ ಅಲ್ಲಿ ನಿಲ್ಲುವುದಿಲ್ಲ. ಕೆಂಗೇರಿಯಲ್ಲಿ ಹೆಚ್ಚು ರೈಲು ನಿಲ್ಲುತ್ತವೆ, ಮೆಟ್ರೊಗೆ ಮಾತ್ರ ಸ್ವಲ್ಪ ನಡೆಯಬೇಕು. ಲಗೇಜು ಹೆಚ್ಚಿದ್ದರೆ ಕೆಎಸ್‌ಆರ್ ನಿಲ್ದಾಣದವರೆಗೂ ಹೋಗಿ ಅಲ್ಲಿ ವೈಟ್‌ಫೀಲ್ಡ್‌ ಕಡೆಗಿನ ನೇರಳೆ ಮಾರ್ಗ ಹಿಡಿಯುವುದೇ ಲೇಸು.

ಇದೇ ಕಾರ್ಡನ್ನು ಮಂಡ್ಯದಲ್ಲೋ ರಾಮನಗರದಲ್ಲೋ ತಟ್ಟಿ ರೈಲು ಹತ್ತಲು ಏಕಾಗದು? ಮೆಟ್ರೊದಲ್ಲಿ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ತಟ್ಟುತ್ತೇವೆ. ದರ ಲೆಕ್ಕವಾಗುವುದು ಹೊರಬರುವಾಗ. ನಮ್ಮ ರೈಲು ನಿಲ್ದಾಣಗಳಿಗೆ ನಾಲ್ಕೂ ದಿಕ್ಕಿನಿಂದ ದಾರಿ. ಗೇಟಿಲ್ಲದ ಕಡೆ ಇಳಿದದ್ದೆಲ್ಲಿ ಎಂದು ಕಾರ್ಡಿಗೆ ತಿಳಿಯುವ ಬಗೆಯೇ ಇಲ್ಲ. ಜೊತೆಗೆ ದರಪಟ್ಟಿ ಬೇರೆ, ಹಣ ಸೇರುವ ಸಂಸ್ಥೆಯೂ ಬೇರೆ.

ಗೇಟಿದ್ದ ಲಂಡನ್ನೂ ಇಲ್ಲಿ ತಿಣುಕಾಡಿದೆ. ಅಲ್ಲಿನ ಆಯ್‌ಸ್ಟರ್ ಕಾರ್ಡ್ 2003ರಲ್ಲಿ ಬಂತು, ಊರಾಚೆಯ ಗ್ಯಾಟ್‌ವಿಕ್ ವಿಮಾನ ನಿಲ್ದಾಣಕ್ಕೆ ತಲುಪಿದ್ದು 2016ರಲ್ಲಿ. ಆ ಕಾರ್ಡಿನ ವ್ಯವಸ್ಥೆಯಲ್ಲಿ ಇಂತಿಷ್ಟೇ ದರವಲಯಗಳಿಗೆ ಜಾಗ. ಹಾಗಾಗಿ ಇನ್ನೂ ದೂರದ ರೀಡಿಂಗ್‌ಗೆ ಆಯ್‌ಸ್ಟರ್ ನಡೆಯದು, ತಟ್ಟುವ ಬ್ಯಾಂಕ್ ಕಾರ್ಡ್ ನಡೆಯುತ್ತದೆ. ಅದರ ಲೆಕ್ಕವನ್ನು ಆಮೇಲೆ ಕಚೇರಿಯ ಕಂಪ್ಯೂಟರ್ ಮಾಡುತ್ತದೆ. ನಮ್ಮಲ್ಲೂ ಈ ಎರಡನೇ ದಾರಿಯೇ ಸರಿ ಎಂದು ನನ್ನ ಎಣಿಕೆ. ಬೆಂಗಳೂರು ಉಪನಗರ ರೈಲಿನ 148 ಕಿ.ಮೀ. ಯೋಜನೆಯಲ್ಲೂ ಮೈಸೂರು ದಿಕ್ಕಿನ ಪಾರಿಜಾತ ಮಾರ್ಗ ಕೆಂಗೇರಿಗೇ ನಿಲ್ಲುತ್ತದೆ, ರಾಮನಗರ, ಮಂಡ್ಯದವರೆಗೆ ಅದೂ ಬಾರದು.

ಕಡೆಯದಾಗಿ, ಇಬ್ಬರು ಹೊರಟಿದ್ದರೆ ಎರಡು ಕಾರ್ಡ್ ಬೇಕು. ಒಂದನ್ನೇ ತಟ್ಟಿ ಯಜಮಾನರು ಒಳಹೋಗಿ, ಅದನ್ನೇ ಹಿಂದಕ್ಕೆ ಚಾಚಿದರೆ ಹೆಂಡತಿ ಗೇಟಿನಾಚೆಯೇ ಉಳಿಯುತ್ತಾರೆ. ಎರಡನೇ ಕಾರ್ಡ್ ಇಲ್ಲದಿದ್ದರೆ ಕೌಂಟರಿನಲ್ಲಿ ಟೋಕನ್ ಕೊಳ್ಳಿ.